ಟ್ರೌಟ್ ಗಾಳಕ್ಕೆ ಚಳಿಗಾಲದ ತಯಾರಿ: ಫ್ಲೈ ಕಟ್ಟುವ ಸಾಮಾನು, ಬೆಟ್ಟದ ತೊರೆಯ ತಣ್ಣೀರು

ದೀಪಾವಳಿ ಮುಗಿಯುತ್ತಿದ್ದಂತೆ ನನಗೆ ಪ್ರತಿವರ್ಷ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. ಡಿಸೆಂಬರ್ ರಜೆಯಲ್ಲಿ ಕುಲ್ಲೂ ಕಡೆಗೆ ಹೋಗುವವರಿದ್ದೇವೆ, ಅಲ್ಲಿನ ತೊರೆಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಹಿಡಿಯಬಹುದೇ, ಅದಕ್ಕೆ ಬೇಕಾದ ಫ್ಲೈಗಳನ್ನು ಮನೆಯಲ್ಲೇ ಕಟ್ಟಿಕೊಳ್ಳಲು ಏನೇನು ಸಾಮಾನು ಬೇಕು ಎಂಬುದೇ ಆ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ಭೀಮೆಯಲ್ಲೋ ಕಾರಂಜಾ ಹಿನ್ನೀರಿನಲ್ಲೋ ಎರೆಹುಳ ಮತ್ತು ಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕಿದ ಅನುಭವವಿರುವ ಕಲಬುರಗಿ, ಬೀದರ, ಯಾದಗಿರಿಯವರು. ಫ್ಲೈ ಎಂದರೆ ಪುಕ್ಕ, ಉಣ್ಣೆ ಮತ್ತು ದಾರವನ್ನು ಸಣ್ಣ ಕೊಕ್ಕೆಗೆ ಸುತ್ತಿ, ನೀರಿನ ಹುಳುವಿನಂತೆ ಕಾಣುವ ಹಾಗೆ ಮಾಡಿದ ಕೃತಕ ಎರೆ ಎಂದು ಮೊದಲಿಗೇ ಹೇಳಿಬಿಡುತ್ತೇನೆ.

ಉತ್ತರದ ಮೊದಲ ಭಾಗ ನಿರಾಶೆಯದು: ಡಿಸೆಂಬರಿನಲ್ಲಿ ಹಿಮಾಚಲದ ಟ್ರೌಟ್ ತೊರೆಗಳಿಗೆ ಗಾಳ ಹಾಕುವಂತಿಲ್ಲ. ಎರಡನೆಯ ಭಾಗ ಅಷ್ಟೇ ಅನುಕೂಲದ್ದು: ಫ್ಲೈ ಕಟ್ಟಲು ನಮ್ಮ ಕಡೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಏಕೆಂದರೆ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಎರಡು ತಾಸು ಒಂದೆಡೆ ಕೂರಲು ಸಾಧ್ಯವಾಗುವುದು ಈ ಮೂರು ತಿಂಗಳಲ್ಲಿ ಮಾತ್ರ. ತಿರುಗುವ ಫ್ಯಾನಿನ ಕೆಳಗೆ ಕೋಳಿ ಪುಕ್ಕದ ಕೆಲಸ ಮಾಡಿ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಇಲ್ಲಿ ಕುಳಿತು ಕಟ್ಟಿ, ಇಲ್ಲಿನ ನೀರಿನಲ್ಲೇ ಪರೀಕ್ಷಿಸಿ, ಮಾರ್ಚ್ ತಿಂಗಳಲ್ಲಿ ಬೆಟ್ಟಕ್ಕೆ ಹೋಗುವ ಕ್ರಮವನ್ನು ಕೆಳಗೆ ಹಂತ ಹಂತವಾಗಿ ಕೊಟ್ಟಿದ್ದೇನೆ.

1. ಟಿಕೆಟ್ ತೆಗೆಸುವ ಮೊದಲು ತಿಂಗಳು ನೋಡಿ

ಟ್ರೌಟ್ ನಮ್ಮ ದೇಶದ ಮೂಲದ ಮೀನಲ್ಲ. ಬ್ರಿಟಿಷರು ತಮ್ಮ ಹವ್ಯಾಸಕ್ಕಾಗಿ ಅದರ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ, 1900ರ ಸುಮಾರಿಗೆ ಕಾಶ್ಮೀರದಲ್ಲಿ, 1909ರಲ್ಲಿ ಕುಲ್ಲೂ ಕಣಿವೆಯಲ್ಲಿ, ಹಾಗೆಯೇ ನೀಲಗಿರಿಯ ಮೇಲ್ಭಾಗದಲ್ಲಿ ಮರಿ ಮಾಡಿಸಿ ತೊರೆಗಳಿಗೆ ಬಿಟ್ಟರು. ಇಂದು ಹಿಮಾಚಲದ ತೀರ್ಥನ್, ಸೈಂಜ್, ಬರೋಟಿನ ಊಹಲ್, ಸಾಂಗ್ಲಾದ ಬಾಸ್ಪಾ ಮೊದಲಾದ ನೀರುಗಳಲ್ಲಿ ಸಿಗುವವು ಎರಡು ಜಾತಿ: ಮೈಮೇಲೆ ಕೆಂಪು ಮತ್ತು ಕಪ್ಪು ಚುಕ್ಕೆಗಳಿರುವ ಕಂದು ಟ್ರೌಟ್, ಪಕ್ಕದಲ್ಲಿ ಗುಲಾಬಿ ಪಟ್ಟಿಯಿರುವ ರೇನ್‌ಬೋ ಟ್ರೌಟ್.

ಈ ಮೀನಿಗೆ ಬೇಕಾದದ್ದು ತಣ್ಣನೆಯ, ಆಮ್ಲಜನಕ ತುಂಬಿದ ಹರಿಯುವ ನೀರು. ಸಮುದ್ರಮಟ್ಟದ ಲೆಕ್ಕದಲ್ಲಿ ಒಂದು ಲೀಟರ್ ನೀರು 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 12.8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು 7.6 ಮಿಲಿಗ್ರಾಂಗೆ ಇಳಿಯುತ್ತದೆ. ಕಾರಂಜಾದಲ್ಲಿ ಟ್ರೌಟ್ ಮರಿ ಬಿಟ್ಟರೆ ಬದುಕುತ್ತದೆಯೇ ಎಂದು ಕೇಳುವವರಿಗೂ ಇದರಲ್ಲೇ ಉತ್ತರವಿದೆ. ಈ ಮೀನು ಚುರುಕಾಗಿ ತಿನ್ನುವುದು ನೀರು 10ರಿಂದ 16 ಡಿಗ್ರಿಯ ನಡುವೆ ಇದ್ದಾಗ. 20 ದಾಟಿದರೆ ಅದಕ್ಕೆ ಸಂಕಟ ಶುರುವಾಗುತ್ತದೆ. ನಮ್ಮ ಬೇಸಿಗೆಯ ಕೆರೆ ನೀರಿನಲ್ಲಿ ಅದು ಉಳಿಯುವ ಮಾತೇ ಇಲ್ಲ.

ಕಂದು ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದ ಆರಂಭದಲ್ಲಿ, ರೇನ್‌ಬೋ ಚಳಿಗಾಲದ ಕೊನೆಯ ಕಡೆಗೆ. ಅದಕ್ಕಾಗಿಯೇ ಹಿಮಾಚಲ ಪ್ರದೇಶದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ನೀರುಗಳಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ. ಹೋಟೆಲಿನವರೋ ಟ್ಯಾಕ್ಸಿಯವರೋ ‘ಯಾರೂ ನೋಡುವುದಿಲ್ಲ ಸರ್, ಬನ್ನಿ’ ಎಂದು ಕರೆದರೆ ಹೋಗಬೇಡಿ. ಕಾನೂನಿನ ಮಾತು ಒಂದು ಕಡೆಗಿರಲಿ, ಮೊಟ್ಟೆ ತುಂಬಿದ ಮೀನನ್ನು ಎಳೆದು ತೆಗೆದವನಿಗೆ ಮುಂದಿನ ವರ್ಷ ಹಿಡಿಯಲು ಏನು ಉಳಿದೀತು? ಕಾಶ್ಮೀರ ಮತ್ತು ನೀಲಗಿರಿಯ ನಿಯಮಗಳು ಬೇರೆ. ಅಲ್ಲಿಗೆ ಹೋಗುವವರು ಆಯಾ ಮೀನುಗಾರಿಕೆ ಇಲಾಖೆಯನ್ನು ಮೊದಲೇ ಕೇಳಿಕೊಳ್ಳಿ.

2. ಕೂರುವ ಜಾಗ ಸಿದ್ಧ ಮಾಡಿ

ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವ ಹಾಗೆ ಮೇಜು ಇಟ್ಟುಕೊಳ್ಳಿ, ಅದರ ಮೇಲೆ ಬಿಳಿ ಕಾಗದ ಹಾಸಿ. ನಮ್ಮ ಮನೆಗಳ ಶಹಾಬಾದ್ ಫರಸಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೂದು ಬಣ್ಣದ ಆ ಕಲ್ಲಿನ ಮೇಲೆ ಬಿದ್ದ ಸಣ್ಣ ಕೊಕ್ಕೆ ಕಣ್ಣಿಗೆ ಕಾಣುವುದಿಲ್ಲ; ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಮಾತ್ರ ಅದು ತಪ್ಪದೆ ಸಿಗುತ್ತದೆ. ಹಾಳಾದ ಸ್ಪೀಕರಿನ ಅಯಸ್ಕಾಂತವೊಂದನ್ನು ಮೇಜಿನ ಮೇಲಿಟ್ಟು, ತೆಗೆದ ಕೊಕ್ಕೆಗಳನ್ನೆಲ್ಲ ಅದಕ್ಕೇ ಅಂಟಿಸಿಡಿ, ಏಳುವಾಗ ಅದೇ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆ ಒಮ್ಮೆ ಆಡಿಸಿ. ನಲವತ್ತು ದಾಟಿದವರು ಓದುವ ಕನ್ನಡಕವನ್ನು ಮರೆಯದೆ ಹತ್ತಿರ ಇಟ್ಟುಕೊಳ್ಳಬೇಕು.

3. ಸಾಮಾನು: ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ

ಎಲ್ಲವೂ ಸೇರಿದ ‘ಕಿಟ್’ ಅಗ್ಗದ ಬೆಲೆಗೆ ಆನ್‌ಲೈನಿನಲ್ಲಿ ಸಿಗುತ್ತದೆ. ನಾನೂ ಮೊದಲು ಅದನ್ನೇ ತರಿಸಿದ್ದೆ. ಮೂರನೆಯ ಫ್ಲೈ ಕಟ್ಟುವಷ್ಟರಲ್ಲಿ ವೈಸಿನ ದವಡೆ ಸವೆದು ಕೊಕ್ಕೆ ಗಿರಗಿರನೆ ತಿರುಗತೊಡಗಿತು, ಉಳಿದ ಸಾಮಾನಿನಲ್ಲಿ ಇಂದಿಗೂ ಬಳಕೆಯಲ್ಲಿರುವುದು ಡಬ್ಬಿ ಮಾತ್ರ. ಆದ್ದರಿಂದ ಒಂದೊಂದಾಗಿ ಕೊಳ್ಳುವುದೇ ಮೇಲು.

ವೈಸ್. ಕೊಕ್ಕೆಯನ್ನು ಕಚ್ಚಿ ಹಿಡಿಯುವ ಸಣ್ಣ ಇಕ್ಕುಳದಂಥ ಉಪಕರಣ ಇದು. ಹಣ ಹಾಕುವುದಿದ್ದರೆ ಇದಕ್ಕೇ ಹಾಕಿ. ದವಡೆ ಗಟ್ಟಿ ಉಕ್ಕಿನದಾಗಿರಬೇಕು. ಕೊಂಡ ದಿನವೇ ಪರೀಕ್ಷಿಸಿ: 14ನೇ ನಂಬರಿನ ಕೊಕ್ಕೆಯ ಬಾಗನ್ನು ದವಡೆಯಲ್ಲಿ ಬಿಗಿದು, ಅದರ ಕಣ್ಣಿನ, ಅಂದರೆ ದಾರ ಕಟ್ಟುವ ತೂತಿನ, ಕಡೆಯ ತುದಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ. ಕೊಕ್ಕೆ ಸ್ಪ್ರಿಂಗಿನಂತೆ ಬಳುಕಿ ವಾಪಸು ಬಂದರೆ ವೈಸ್ ಸರಿಯಿದೆ. ದವಡೆಯೊಳಗೆ ಜಾರಿ ಕೆಳಮುಖವಾಗಿ ನಿಂತುಬಿಟ್ಟರೆ ಅಂಗಡಿಗೆ ಮರಳಿಸಿ. ವೈಸುಗಳಲ್ಲಿ ಎರಡು ಬಗೆ: ಮೇಜಿನ ಅಂಚಿಗೆ ಬಿಗಿಯುವಂಥದ್ದು, ಭಾರವಾದ ತಳದ ಮೇಲೆ ನಿಲ್ಲುವಂಥದ್ದು. ನಿಮ್ಮ ಮೇಜಿನ ಮೇಲೆ ಕಲ್ಲಿನ ಹಾಸಿದ್ದರೆ ಬಿಗಿಯುವ ಹಿಡಿಕೆ ಆ ದಪ್ಪಕ್ಕೆ ತೆರೆಯುವುದೇ ಎಂದು ಅಳೆದು ನೋಡಿ. ಒಳ್ಳೆಯ ವೈಸ್ ಕೊಳ್ಳುವವರೆಗೆ ಕಾಯಲಾರದವರು ಸರಾಫ ಬಜಾರಿನಲ್ಲಿ ಪತ್ತಾರರ ಉಪಕರಣ ಮಾರುವ ಅಂಗಡಿಯಲ್ಲಿ ಸಿಗುವ ಕೈಯಲ್ಲಿ ಹಿಡಿಯುವ ಸಣ್ಣ ವೈಸನ್ನು ತಂದು, ಮರದ ತುಂಡಿಗೆ ಓರೆಯಾಗಿ ಕೂರಿಸಿಕೊಳ್ಳಬಹುದು. ದೊಡ್ಡ ಕೊಕ್ಕೆಗಳಿಗೆ ಅದು ಸಾಕಾಗುತ್ತದೆ.

ಬಾಬಿನ್ ಹೋಲ್ಡರ್. ದಾರದ ಉಂಡೆಯನ್ನು ಎರಡು ತೋಳುಗಳ ನಡುವೆ ಹಿಡಿದು, ಸಣ್ಣ ಕೊಳವೆಯ ಮೂಲಕ ದಾರವನ್ನು ಹೊರಗೆ ಬಿಡುವ ಸಾಧನ. ಕೈ ಬಿಟ್ಟಾಗ ಅದು ತನ್ನ ಭಾರಕ್ಕೇ ತೂಗಾಡುತ್ತ ದಾರವನ್ನು ಬಿಗಿಯಾಗಿ ಇಟ್ಟಿರುತ್ತದೆ. ‘ನನ್ನ ದಾರ ಪದೇ ಪದೇ ತುಂಡಾಗುತ್ತದೆ, ದಾರವೇ ಸರಿಯಿಲ್ಲ’ ಎಂದು ದೂರುವವರಲ್ಲಿ ಹೆಚ್ಚಿನವರ ತಕರಾರು ದಾರದ್ದಲ್ಲ, ಈ ಕೊಳವೆಯ ಬಾಯಿಯದು. ಹತ್ತಿಯ ಎಳೆಯೊಂದನ್ನು ಕೊಳವೆಯ ಬಾಯಿಯ ಸುತ್ತ ಸವರಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಒರಟು ಅಂಚಿದೆ. ಒಳಗೆ ಪಿಂಗಾಣಿಯ ಲೇಪವಿರುವ ಕೊಳವೆಗಳು ನಯವಾಗಿರುತ್ತವೆ, ಆದರೆ ಫರಸಿಯ ಮೇಲೆ ಒಮ್ಮೆ ಬಿದ್ದರೆ ಪಿಂಗಾಣಿ ಬಿರುಕು ಬಿಟ್ಟು, ಆಮೇಲೆ ದಾರವನ್ನು ಬ್ಲೇಡಿನಂತೆ ಕತ್ತರಿಸುತ್ತ ಹೋಗುತ್ತದೆ. ಕುರ್ಚಿಯ ಕೆಳಗೆ ಚಾಪೆಯೊಂದನ್ನು ಹಾಸಿಕೊಂಡರೆ ಈ ನಷ್ಟ ತಪ್ಪುತ್ತದೆ. ಕೊಳವೆಗೆ ದಾರ ಪೋಣಿಸಲು ಪ್ರತ್ಯೇಕ ಸಾಧನ ಬೇಡ, ತೆಳುವಾದ ನೈಲಾನ್ ಎಳೆಯನ್ನು ಎರಡಾಗಿ ಮಡಿಚಿದರೆ ಸಾಕು.

ಕತ್ತರಿ. ಕಸೂತಿ ಕೆಲಸಕ್ಕೆ ಬಳಸುವ ಮೊನಚು ತುದಿಯ ಸಣ್ಣ ಕತ್ತರಿಯೇ ಸರಿ. ತಾಮ್ರದ ತಂತಿಗೆ ಬೇರೊಂದು ಹಳೆಯ ಕತ್ತರಿ ಇಡಿ. ಒಳ್ಳೆಯ ಕತ್ತರಿಯಿಂದ ಒಂದೇ ಒಂದು ಸಲ ತಂತಿ ಕತ್ತರಿಸಿದರೂ ಅದು ಮುಂದೆ ಪುಕ್ಕವನ್ನು ಕತ್ತರಿಸದೆ ಮಡಿಚಿಬಿಡುತ್ತದೆ.

ಹ್ಯಾಕಲ್ ಪ್ಲಯರ್. ಹ್ಯಾಕಲ್ ಎಂದರೆ ಕೋಳಿಯ ಕತ್ತಿನ ಪುಕ್ಕ. ಅದರ ತುದಿಯನ್ನು ಕಚ್ಚಿ ಹಿಡಿದು ಸುತ್ತಲು ಈ ಸ್ಪ್ರಿಂಗ್ ಚಿಮುಟ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಕ್ರೊಕೊಡೈಲ್ ಕ್ಲಿಪ್ಪಿನ ಹಲ್ಲುಗಳಿಗೆ ಸೈಕಲ್ ವಾಲ್‌ಟ್ಯೂಬಿನ ತುಣುಕು ತೊಡಿಸಿದರೆ ಅದೇ ಕೆಲಸ ಮಾಡುತ್ತದೆ.

ಉಳಿದದ್ದನ್ನು ಮನೆಯಲ್ಲೇ ಹೊಂದಿಸಿಕೊಳ್ಳಿ. ಬಾಡ್ಕಿನ್ ಎಂದು ಮಾರುವುದು ಹಿಡಿಕೆಯಿರುವ ಸೂಜಿ, ಅಷ್ಟೇ. ದಪ್ಪ ಸೂಜಿಯೊಂದನ್ನು ಬೆಂಡಿಗೆ ಚುಚ್ಚಿಕೊಳ್ಳಿ. ಕೊನೆಯ ಗಂಟು ಹಾಕುವ ವಿಪ್ ಫಿನಿಶರ್ ಅನುಕೂಲದ ಸಾಧನವೇ ಹೌದು, ಆದರೆ ಮೊದಲ ಚಳಿಗಾಲದಲ್ಲಿ ರೀಫಿಲ್ ತೆಗೆದ ಬಾಲ್‌ಪೆನ್ನಿನ ಚೂಪು ತುದಿಯ ಕೊಳವೆಯಿಂದಲೇ ಗಂಟು ಹಾಕಬಹುದು. ಕೂದಲಿನ ತುದಿಗಳನ್ನು ಸಮ ಮಾಡುವ ಹೇರ್ ಸ್ಟ್ಯಾಕರ್ ಈಗ ಬೇಡವೇ ಬೇಡ.

4. ಕಟ್ಟುವ ವಸ್ತುಗಳು

ಕೊಕ್ಕೆಯ ಲೆಕ್ಕ ತಲೆಕೆಳಗು: ನಂಬರು ದೊಡ್ಡದಾದಷ್ಟು ಕೊಕ್ಕೆ ಚಿಕ್ಕದು. 10ನೇ ನಂಬರಿಗಿಂತ 14 ಸಣ್ಣದು, 20 ಇನ್ನೂ ಸಣ್ಣದು. ಕಲಿಯಲು 12 ಮತ್ತು 14 ಸಾಕು. ನಮ್ಮ ಬಜಾರಿನಲ್ಲಿ ಕೆರೆ ಮೀನಿಗೆಂದು ಸಿಗುವ ದಪ್ಪ ತಂತಿಯ ಕೊಕ್ಕೆ ಈ ಕೆಲಸಕ್ಕೆ ಒಗ್ಗದು.

ದಾರದ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 9,000 ಮೀಟರ್ ಉದ್ದದ ದಾರ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. 14ನೇ ನಂಬರಿನ ಕೊಕ್ಕೆಗೆ 70 ಡೆನಿಯರ್ ಸರಿಹೋಗುತ್ತದೆ. ದರ್ಜಿಯ ಹತ್ತಿ ದಾರದಿಂದ ಕಟ್ಟಿದ ಫ್ಲೈಯ ತಲೆ ಕಡಲೆಕಾಳಿನಷ್ಟು ದಪ್ಪವಾಗುತ್ತದೆ, ಅದನ್ನು ಬಳಸಬೇಡಿ.

ಪುಕ್ಕಕ್ಕೆ ಬ್ರಾಯ್ಲರ್ ಅಂಗಡಿಗೆ ಹೋಗಿ ಫಲವಿಲ್ಲ. ಆರೇಳು ವಾರಕ್ಕೆ ಕೊಯ್ಯುವ ಆ ಕೋಳಿಗೆ ಕತ್ತಿನ ಪುಕ್ಕ ಬಲಿತಿರುವುದೇ ಇಲ್ಲ. ವರ್ಷ ತುಂಬಿದ ಜವಾರಿ ಹುಂಜದ ಕತ್ತಿನ ಪುಕ್ಕ ನೀರಿನ ಮೇಲೆ ತೇಲುವ ಫ್ಲೈಗೆ, ಜವಾರಿ ಹೆಂಟೆಯ ಮೆದು ಪುಕ್ಕ ಮುಳುಗುವ ಫ್ಲೈಗೆ ಬೇಕು. ತಂದ ಪುಕ್ಕವನ್ನು ಸೋಪಿನ ನೀರಿನಲ್ಲಿ ತೊಳೆದು, ಎರಡು ಸಲ ಜಾಲಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದು ಎರಡು ದಿನ ಬಿಟ್ಟು ಮತ್ತೆ ಒಂದು ವಾರ ಇಡಬೇಕು, ಏಕೆಂದರೆ ಮೊದಲ ಸರದಿಯಲ್ಲಿ ಉಳಿದುಕೊಂಡ ನುಸಿಯ ಮೊಟ್ಟೆಗಳು ಎರಡನೆಯದರಲ್ಲಿ ಸಾಯುತ್ತವೆ. ಈ ಕೆಲಸಕ್ಕೆ ಮನೆಯವರ ಒಪ್ಪಿಗೆ ಪಡೆಯುವುದು ನಿಮ್ಮ ಜವಾಬ್ದಾರಿ. ಆಮೇಲೆ ಡಬ್ಬಿಯಲ್ಲಿ ಎರಡು ಡಾಂಬರ್ ಗುಳಿಗೆ ಹಾಕಿಟ್ಟರೆ ಆಯಿತು.

ಮೈ ತುಂಬಲು ಉಣ್ಣೆ ಬೇಕು. ಅದಕ್ಕೆ ನಮ್ಮಲ್ಲಿ ಬರವಿಲ್ಲ. ಕುರುಬರು ನೇಯುವ ಕರಿ ಕಂಬಳಿಯ ಅಂಚಿನಿಂದ ಎಳೆದ ಎಳೆಯನ್ನು ಒಂದು ಸೆಂಟಿಮೀಟರಿನಷ್ಟು ತುಂಡು ಮಾಡಿ ಬೆರಳಲ್ಲಿ ಹಿಂಜಿದರೆ, ಕಪ್ಪಿನೊಳಗೆ ಕಂದು ಬೆರೆತ ಬಣ್ಣ ಬರುತ್ತದೆ. ತೊರೆಯ ಕಲ್ಲಿನಡಿಯ ಹುಳುವಿನ ಬಣ್ಣವೂ ಅದೇ. ದಕ್ಕನಿ ಕುರಿಯ ಉಣ್ಣೆ ಒರಟಾದ್ದರಿಂದ 16ಕ್ಕಿಂತ ಸಣ್ಣ ಕೊಕ್ಕೆಗೆ ಹೊಂದುವುದಿಲ್ಲ. ಉಣ್ಣೆ ನೀರು ಕುಡಿದು ಮುಳುಗುತ್ತದೆ, ಆದ್ದರಿಂದ ತೇಲಬೇಕಾದ ಫ್ಲೈಗೆ ಬಳಸಬೇಡಿ.

ಮೈ ಮೇಲಿನ ಉಂಗುರಗಳಿಗೆ ತಾಮ್ರದ ತಂತಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 38 ಗೇಜಿನದು ಎಂದು ಕೇಳಿ. ಅದರ ದಪ್ಪ 0.15 ಮಿಲಿಮೀಟರ್. ವಾರ್ನಿಶ್ ಲೇಪವಿರುವುದರಿಂದ ಕಿಲುಬು ಹಿಡಿಯುವುದಿಲ್ಲ, ಸುಟ್ಟ ಕಾಯಿಲಿನಿಂದ ಬಿಚ್ಚಿದ ಒಂದು ಮುಷ್ಟಿ ತಂತಿಯನ್ನು ಅವರು ಸುಮ್ಮನೆ ಕೊಟ್ಟರೂ ಕೊಟ್ಟಾರು. ಭಾರಕ್ಕೆ ಸೀಸ ಸುತ್ತುವ ಹಳೆಯ ಪದ್ಧತಿಯನ್ನು ಬಿಟ್ಟು ಹಿತ್ತಾಳೆಯ ಸಣ್ಣ ಮಣಿಯನ್ನು ಪೋಣಿಸಿಕೊಳ್ಳಿ.

ಇಲ್ಲಿ ಕಾನೂನಿನ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಗ್ಲೆಂಡಿನ ಹಳೆಯ ಫ್ಲೈಗಳ ವಿವರಣೆಯಲ್ಲಿ ಕೌಜುಗದ ಪುಕ್ಕ, ಮೊಲದ ಮುಖದ ತುಪ್ಪಳ, ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಪುಕ್ಕ ಎಂದೆಲ್ಲ ಬರೆದಿರುತ್ತದೆ. ಹೊಲದ ಬದುವಿನಲ್ಲಿ ಕೌಜುಗ ಓಡಾಡುತ್ತವೆ ಎಂದು ಅವುಗಳಿಗೆ ಉರುಲು ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೊಲ, ಕಾಡುಕೋಳಿ, ನವಿಲಿಗೂ ಇದೇ ಅನ್ವಯ. ನವಿಲು ತಾನಾಗಿ ಉದುರಿಸಿದ ಗರಿಯನ್ನು ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ, ವಿದೇಶಕ್ಕೆ ಮಾತ್ರ ಕಳುಹಿಸುವಂತಿಲ್ಲ. ಹೆಂಟೆಯ ಪುಕ್ಕ ಇರುವಾಗ ಉಳಿದದ್ದರ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ.

5. ಮೊದಲ ಫ್ಲೈ ಕಟ್ಟುವುದು

ಮೊದಲ ಚಳಿಗಾಲದಲ್ಲಿ ಹತ್ತು ಬಗೆ ಕಲಿಯಲು ಹೋಗಬೇಡಿ. ಒಂದೇ ಬಗೆಯನ್ನು ಐವತ್ತು ಸಲ ಕಟ್ಟಿ. ಕೆಳಗಿನದು ನಿಂಫ್, ಅಂದರೆ ರೆಕ್ಕೆ ಬರುವ ಮೊದಲು ನೀರಿನೊಳಗೆ ಬದುಕುವ ಮರಿಹುಳುವಿನ ಅನುಕರಣೆ. ಟ್ರೌಟಿನ ಹೊಟ್ಟೆ ಹೆಚ್ಚಾಗಿ ತುಂಬುವುದು ಇವುಗಳಿಂದಲೇ.

ಅ) ಕೊಕ್ಕೆಯ ಮೊನೆಯ ಹಿಂದಿರುವ ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿ. ಕೊಕ್ಕೆ ಮುರಿಯುವುದಿದ್ದರೆ ಈಗಲೇ ಮುರಿಯಲಿ, ಹದಿನೈದು ನಿಮಿಷದ ಕೆಲಸ ಮುಗಿದ ಮೇಲಲ್ಲ. ಮುಳ್ಳಿಲ್ಲದ ಕೊಕ್ಕೆಯನ್ನು ಮೀನಿನ ಬಾಯಿಯಿಂದಲೂ ನಿಮ್ಮ ಬೆರಳಿನಿಂದಲೂ ಸುಲಭವಾಗಿ ಬಿಡಿಸಬಹುದು.

ಆ) ಹಿತ್ತಾಳೆಯ ಮಣಿ ಹಾಕುವುದಿದ್ದರೆ ಈಗಲೇ ಮೊನೆಯ ಕಡೆಯಿಂದ ಪೋಣಿಸಿ ಕಣ್ಣಿನವರೆಗೆ ಸರಿಸಿ. ಕೊಕ್ಕೆಯನ್ನು ವೈಸಿನಲ್ಲಿ ಅದರ ದಂಡ, ಅಂದರೆ ನೇರ ಭಾಗ, ನೆಲಕ್ಕೆ ಸಮಾನಾಂತರವಾಗಿರುವಂತೆ, ಕಣ್ಣು ಬಲಕ್ಕೆ ಬರುವಂತೆ ಬಿಗಿಯಿರಿ. ಎಡಗೈಯವರು ಇದನ್ನು ತಿರುವುಮುರುವಾಗಿ ಓದಿಕೊಳ್ಳಬೇಕು.

ಇ) ದಾರವನ್ನು ದಂಡದ ಮೇಲಿನಿಂದ ಆಚೆಗೆ ಹೊರಳಿಸಿ, ಕೆಳಗಿನಿಂದ ಈಚೆಗೆ ತರುತ್ತ ಸುತ್ತಿ. ಮೊದಲ ಸುತ್ತುಗಳ ಮೇಲೆ ಮುಂದಿನ ಸುತ್ತುಗಳು ಏರಿ ಕುಳಿತಾಗ ದಾರ ತಾನೇ ಸಿಕ್ಕಿಕೊಳ್ಳುತ್ತದೆ, ಗಂಟು ಬೇಡ. ಕಣ್ಣಿನ ಅಥವಾ ಮಣಿಯ ಹಿಂದೆ ಒಂದೂವರೆ ಮಿಲಿಮೀಟರ್ ಜಾಗವನ್ನು ಬರಿದಾಗಿ ಬಿಡಿ. ಆ ಜಾಗಕ್ಕೆ ಕೊನೆಯವರೆಗೂ ಕೈ ಹಾಕಬೇಡಿ. ಹೊಸಬರ ಹತ್ತು ಫ್ಲೈಗಳಲ್ಲಿ ಎಂಟು ಕೆಡುವುದು ಇಲ್ಲೇ. ಮೈ ಕಣ್ಣಿನವರೆಗೂ ಬಂದು, ಪುಕ್ಕಕ್ಕೂ ಗಂಟಿಗೂ ಜಾಗವಿಲ್ಲದೆ, ಕಡೆಗೆ ದಾರವೇ ಕಣ್ಣನ್ನು ಮುಚ್ಚಿಬಿಡುತ್ತದೆ.

ಈ) ಹೆಂಟೆ ಪುಕ್ಕದ ಐದಾರು ಎಳೆಗಳನ್ನು ಬಾಲವಾಗಿ ಕಟ್ಟಿ, ಉದ್ದ ದಂಡದ ಅರ್ಧದಷ್ಟಿರಲಿ. ಅಲ್ಲಿಯೇ ತಾಮ್ರದ ತಂತಿಯ ತುದಿಯನ್ನೂ ಸೇರಿಸಿ ಕಟ್ಟಿ, ಉಳಿದ ತಂತಿ ಹಿಂದಕ್ಕೆ ಜೋತಾಡಲಿ.

ಉ) ಇನ್ನು ಡಬ್ಬಿಂಗ್, ಅಂದರೆ ಉಣ್ಣೆಯನ್ನು ದಾರಕ್ಕೆ ಹೊಸೆಯುವುದು. ಜೇನುಮೇಣವನ್ನು ದಾರಕ್ಕೆ ಲಘುವಾಗಿ ಸವರಿ, ಹಿಂಜಿದ ಕಂಬಳಿ ಉಣ್ಣೆಯನ್ನು ಚಿಟಿಕೆಯಲ್ಲಿ ತೆಗೆದುಕೊಳ್ಳಿ. ಅದರಲ್ಲಿ ಅರ್ಧ ತೆಗೆದಿಡಿ. ಉಳಿದುದರಲ್ಲಿ ಮತ್ತೆ ಅರ್ಧ ತೆಗೆದಿಡಿ. ಈಗ ಬೆರಳಿನಲ್ಲಿರುವುದು ಸರಿಯಾದ ಪ್ರಮಾಣ. ದೀಪದ ಬತ್ತಿ ಹೊಸೆಯುವಾಗ ನಾವು ಅಂಗೈಗಳನ್ನು ಹಿಂದೆಮುಂದೆ ಉಜ್ಜುತ್ತೇವೆ. ಇಲ್ಲಿ ಹಾಗೆ ಮಾಡಬಾರದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದೇ ದಿಕ್ಕಿಗೆ ಹೊಸೆಯಬೇಕು, ದಿಕ್ಕು ಬದಲಾದರೆ ಹೊಸೆದದ್ದು ಬಿಚ್ಚಿಕೊಳ್ಳುತ್ತದೆ. ಬಾಲದ ಕಡೆ ತೆಳುವಾಗಿ, ಮುಂದೆ ಬಂದಂತೆ ದಪ್ಪವಾಗಿ ಸುತ್ತುತ್ತ ಬಿಟ್ಟ ಜಾಗದ ಅಂಚಿಗೆ ನಿಲ್ಲಿಸಿ.

ಊ) ತಂತಿಯನ್ನು ದಾರ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಐದು ಸುತ್ತು ಮುಂದಕ್ಕೆ ತಂದು ಕಟ್ಟಿ. ವಿರುದ್ಧ ದಿಕ್ಕು ಏಕೆಂದರೆ, ಅದೇ ದಿಕ್ಕಿಗೆ ಸುತ್ತಿದ ತಂತಿ ಉಣ್ಣೆಯೊಳಗೆ ಮುಳುಗಿ ಮಾಯವಾಗುತ್ತದೆ; ಅಡ್ಡ ಹಾಯ್ದ ತಂತಿ ಉಂಗುರವಾಗಿ ಕಾಣುತ್ತದೆ, ಮೀನಿನ ಹಲ್ಲಿಗೆ ಉಣ್ಣೆ ಬಿಚ್ಚದಂತೆ ಹಿಡಿದಿಡುತ್ತದೆ. ತಂತಿಯನ್ನು ಹಿಂದೆಮುಂದೆ ಆಡಿಸಿ ಮುರಿಯಿರಿ, ಕತ್ತರಿ ಹಾಕಬೇಡಿ.

ಋ) ಹೆಂಟೆಯ ಪುಕ್ಕವೊಂದನ್ನು ತುದಿಯಿಂದ ಕಟ್ಟಿ, ಒಂದೂವರೆ ಸುತ್ತು ಮಾತ್ರ ಸುತ್ತಿ. ಎರಡು, ಮೂರು ಸುತ್ತಲು ಕೈ ತುಡಿಯುತ್ತದೆ. ಸುತ್ತಿದರೆ ಅದು ಹುಳುವಿನಂತೆ ಕಾಣದೆ ಪೊರಕೆಯಂತೆ ಕಾಣುತ್ತದೆ. ದಾರದಿಂದ ಎಳೆಗಳನ್ನು ಹಿಂದಕ್ಕೆ ಬಾಗಿಸಿ, ಪೆನ್ನಿನ ಕೊಳವೆಗೆ ದಾರವನ್ನು ಕುಣಿಕೆಯಾಗಿ ಸುತ್ತಿ, ಕೊಳವೆಯ ಬಾಯಿಯನ್ನು ಕೊಕ್ಕೆಯ ಕಣ್ಣಿಗಿಟ್ಟು ಕುಣಿಕೆಯನ್ನು ಜಾರಿಸಿ ಬಿಗಿಯಿರಿ. ಹೀಗೆ ನಾಲ್ಕು ಸಲ. ಮೇಲೆ ಬಣ್ಣವಿಲ್ಲದ ಉಗುರು ಪಾಲಿಶ್‌ನ ಒಂದು ಹನಿಯನ್ನು ಸೂಜಿಯ ತುದಿಯಿಂದ ಮುಟ್ಟಿಸಿ. ಬಾಟಲಿಯ ಕುಂಚದಿಂದ ನೇರವಾಗಿ ಹಚ್ಚಿದರೆ ಕಣ್ಣು ಮುಚ್ಚಿಹೋಗಿ, ತೊರೆಯ ದಡದಲ್ಲಿ ಮರಗಟ್ಟಿದ ಬೆರಳುಗಳಿಂದ ಅದನ್ನು ಚುಚ್ಚಿ ತೆರೆಯುವ ಸರದಿ ನಿಮ್ಮದಾಗುತ್ತದೆ.

6. ಇಲ್ಲಿಯ ನೀರಿನಲ್ಲಿ ಪರೀಕ್ಷೆ

ಕಟ್ಟಿದ ಫ್ಲೈ ಬಕೆಟ್ ನೀರಿನಲ್ಲಿ ಮುಳುಗುತ್ತದೆಯೇ, ನೆಟ್ಟಗೆ ನಿಲ್ಲುತ್ತದೆಯೇ ಎಂದು ಮೊದಲು ನೋಡಿ. ಆಮೇಲೆ ಎಸೆತದ ಅಭ್ಯಾಸ. ಫ್ಲೈಗೆ ತೂಕವಿರುವುದಿಲ್ಲ, ಅದನ್ನು ಹೊತ್ತೊಯ್ಯುವುದು ದಪ್ಪನಾದ ಫ್ಲೈ ಲೈನಿನ, ಅಂದರೆ ಗಾಳದ ದಾರದ, ತೂಕ. ಆದ್ದರಿಂದ ನಮ್ಮ ಗಾಳದ ಕೋಲಿನ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎಂಟೂವರೆಯಿಂದ ಒಂಬತ್ತು ಅಡಿಯ, 5 ವೇಟ್ ಎಂದು ಗುರುತು ಮಾಡಿದ ರಾಡ್ ಸಾಕು. ಕೊಕ್ಕೆಯ ಬದಲು ಬಣ್ಣದ ಉಣ್ಣೆಯ ತುಣುಕು ಕಟ್ಟಿ, ಬೆಳಗಿನ ಹೊತ್ತು ಜನರಿಲ್ಲದ ಮೈದಾನದಲ್ಲಿ ದಿನಕ್ಕೆ ಕಾಲು ತಾಸು ಎಸೆಯಿರಿ. ಹಿಂದಕ್ಕೆ ಎಸೆದ ಲೈನು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯದೆ ಮುಂದಕ್ಕೆ ಚಾಟಿ ಬೀಸಿದಂತೆ ಬೀಸುವುದೇ ಎಲ್ಲರ ಮೊದಲ ತಪ್ಪು. ಹಾಗೆ ಮಾಡಿದರೆ ಟಪ್ಪೆಂದು ಶಬ್ದವಾಗಿ ತುದಿಯ ಫ್ಲೈ ಹರಿದುಹೋಗುತ್ತದೆ.

ಮೀನಿನ ಪರೀಕ್ಷೆಗೆ ಜಿಲೇಬಿ ಮೀನು, ಅಂದರೆ ಟಿಲಾಪಿಯಾ, ಬಹಳ ಒಳ್ಳೆಯ ಗುರು. ದಡದ ಬಳಿ ನಿಧಾನವಾಗಿ ಎಳೆದ ನಿಂಫನ್ನು ಅದು ಬಾಯಿಗೆ ಹಾಕಿಕೊಂಡು, ನೀವು ಎಚ್ಚರ ತಪ್ಪಿದರೆ ಅಷ್ಟೇ ಬೇಗ ಉಗುಳುತ್ತದೆ. ಟ್ರೌಟೂ ಮಾಡುವುದು ಇದನ್ನೇ. ಜಲಾಶಯ ಮತ್ತು ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆ ಕೊಟ್ಟಿರುತ್ತಾರೆ, ಆದ್ದರಿಂದ ಗುತ್ತಿಗೆದಾರರನ್ನೋ ಮೀನುಗಾರರ ಸಂಘದವರನ್ನೋ ಕೇಳದೆ ಇಳಿಯಬೇಡಿ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ನೋಡಲು ಬೆಟ್ಟದ ತೊರೆಯ ನೆನಪು ತರುವಂತಿದ್ದರೂ ಅದು ವನ್ಯಜೀವಿಧಾಮದೊಳಗಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಯಾದಗಿರಿ ಜಿಲ್ಲೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ; ಅಲ್ಲಿ ಮೊಣಕಾಲು ನೀರಿಗೂ ಇಳಿಯಕೂಡದು.

7. ಮಾರ್ಚ್ ತಿಂಗಳ ತೊರೆ

ಯಾದಗಿರಿ, ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರವಾಗಿ ದೆಹಲಿಗೆ ಹೋಗುತ್ತದೆ. ಅಲ್ಲಿಂದ ಮನಾಲಿ ಬಸ್ಸಿನಲ್ಲಿ ಔಟ್ ಎಂಬಲ್ಲಿ ಇಳಿದು ಬಂಜಾರ್ ಕಡೆಗೆ ತಿರುಗಿದರೆ ತೀರ್ಥನ್ ಕಣಿವೆ. ವಿಮಾನದಲ್ಲಿ ಹೋಗುವವರು ಕೊಕ್ಕೆ ಮತ್ತು ಕತ್ತರಿಯನ್ನು ಕೈಚೀಲದಲ್ಲಿಡದೆ ಲಗೇಜಿಗೆ ಹಾಕಬೇಕು. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ತೊರೆಗೆ ಹೋಗುವ ಮೊದಲೇ ಪಡೆಯಿರಿ, ಎಷ್ಟು ಮೀನು, ಎಷ್ಟು ಉದ್ದದ್ದು ಎಂಬ ಮಿತಿಯನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಿ.

ಮಾರ್ಚ್ 1ಕ್ಕೆ ನಿಷೇಧ ಮುಗಿದರೂ ನೀರಿಗೆ ಚಳಿಗಾಲ ಮುಗಿದಿರುವುದಿಲ್ಲ. ಮೀನಿನ ಮೈಯ ಉಷ್ಣತೆ ನೀರಿನ ಉಷ್ಣತೆಯೇ ಆಗಿರುವುದರಿಂದ, ತಣ್ಣೀರಿನಲ್ಲಿ ಅದರ ಜೀರ್ಣಶಕ್ತಿ ಕುಗ್ಗಿ, ಓಡಾಡಲು ಮನಸ್ಸಿಲ್ಲದೆ ಆಳದ ನಿಧಾನ ನೀರಿನ ತಳದಲ್ಲಿ ನಿಂತಿರುತ್ತದೆ. ದಾರ ಕಟ್ಟಿದ ಥರ್ಮಾಮೀಟರನ್ನು ನೀರಿನಲ್ಲಿ ಎರಡು ನಿಮಿಷ ಬಿಟ್ಟು ನೋಡಿ. 5 ಡಿಗ್ರಿಗಿಂತ ಕಡಿಮೆಯಿದ್ದರೆ ಚಹಾ ಕುಡಿಯುತ್ತ ಕೂರುವುದೇ ಬುದ್ಧಿವಂತಿಕೆ, 7 ದಾಟಿದರೆ ಕೆಲಸ ಶುರು ಮಾಡಬಹುದು. ಹಾಗಾಗಿ ನಮ್ಮೂರಿನಂತೆ ಬೆಳಗಿನ ಜಾವ ಎದ್ದು ಓಡಬೇಡಿ. ಭೀಮೆಯಲ್ಲಿ ಬಿಸಿಲೇರುವ ಮುನ್ನ ಮೀನು ಸಿಗುತ್ತದೆ ಎಂಬ ಅನುಭವ ಇಲ್ಲಿ ಉಲ್ಟಾ. ಹನ್ನೊಂದರಿಂದ ಮೂರು ಗಂಟೆಯವರೆಗೆ, ಬಿಸಿಲು ಬೀಳುವ ದಡದ ಮಡುವುಗಳೇ ಫಲ ಕೊಡುವ ಜಾಗ.

ಈ ಕಾಲದಲ್ಲಿ ನೀರು ಕಡಿಮೆ, ಗಾಜಿನಂತೆ ತಿಳಿ. ಮೀನಿಗೆ ನೀವು ಕಾಣುತ್ತೀರಿ. ಬಿಳಿ ಅಂಗಿ ಬೇಡ, ಬಗ್ಗಿ ನಡೆಯಿರಿ, ಹರಿವಿನ ಕೆಳಗಿನಿಂದ ಮೇಲಕ್ಕೆ ಸಾಗಿ, ಏಕೆಂದರೆ ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಂತಿರುತ್ತದೆ. ಲೈನಿಗೂ ಫ್ಲೈಗೂ ನಡುವಿನ, ತುದಿಗೆ ಬಂದಂತೆ ತೆಳುವಾಗುವ ನೈಲಾನ್ ಎಳೆಗೆ ಲೀಡರ್ ಎನ್ನುತ್ತಾರೆ, ಅದರ ಕೊನೆಯ ತೆಳು ಭಾಗ ಟಿಪೆಟ್. ಒಂಬತ್ತು ಅಡಿಯ ಲೀಡರಿಗೆ 5ಎಕ್ಸ್ ಟಿಪೆಟ್, ಅಂದರೆ 0.15 ಮಿಲಿಮೀಟರಿನದು, ಹೊಂದುತ್ತದೆ. ನಿಂಫ್ ತಳದ ಕಲ್ಲುಗಳನ್ನು ಆಗಾಗ ತಾಗುತ್ತ ಹರಿವಿನ ವೇಗದಲ್ಲೇ ಸಾಗಬೇಕು, ನೀವು ಎಳೆಯಬಾರದು. ತಣ್ಣೀರಿನ ಮೀನು ಫ್ಲೈಯನ್ನು ಅಟ್ಟಿಸಿಕೊಂಡು ಬರುವುದಿಲ್ಲ, ಬಾಯಿಯ ಮುಂದೆ ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆದ್ದರಿಂದ ಒಂದೇ ಮಡುವಿನಲ್ಲಿ ಗೇಣು ಗೇಣಾಗಿ ಜರುಗಿಸುತ್ತ ಇಪ್ಪತ್ತು ಸಲ ಹಾಕಿ. ಕಡಿತವೂ ಜಗ್ಗಿದಂತೆ ಇರುವುದಿಲ್ಲ; ಲೀಡರಿಗೆ ಕಟ್ಟಿದ ಉಣ್ಣೆಯ ಗುರುತು ಒಂದು ಕ್ಷಣ ನಿಂತಂತಾದರೆ ರಾಡನ್ನು ಮೆಲ್ಲಗೆ ಎತ್ತಿ. ಹತ್ತು ಸಲ ಕಲ್ಲು, ಒಂದು ಸಲ ಮೀನು.

ಆಳವಿಲ್ಲದ ಕಡೆ ಸುತ್ತಲಿನ ಪಾಚಿಗಟ್ಟಿದ ಜಲ್ಲಿಯ ನಡುವೆ ತೊಳೆದಿಟ್ಟಂತೆ ಕಾಣುವ ಬಿಳುಪು ಜಾಗವಿದ್ದರೆ ಅದನ್ನು ತುಳಿಯಬೇಡಿ. ಅದು ಹೆಣ್ಣು ಮೀನು ಬಾಲದಿಂದ ತೋಡಿ ಮೊಟ್ಟೆಯಿಟ್ಟು ಮುಚ್ಚಿದ ಗೂಡು, ಮಾರ್ಚ್‌ನಲ್ಲೂ ಅದರೊಳಗೆ ಮರಿಗಳಿರುತ್ತವೆ.

ನೀರಿಗೆ ಇಳಿಯದೆಯೇ ಹಿಡಿಯಲು ಸಾಧ್ಯವಾದರೆ ಇಳಿಯಬೇಡಿ. ನಮ್ಮ ನಡುಮಧ್ಯಾಹ್ನದ ನದಿಗೆ ಹೊಂದಿದ ಮೈಗೆ 6 ಡಿಗ್ರಿಯ ನೀರು ಎಂದರೇನೆಂದು ಗೊತ್ತಿರುವುದಿಲ್ಲ. ಬಿದ್ದ ಕೂಡಲೇ ಉಸಿರು ಸಿಕ್ಕಿಕೊಂಡು ಈಜು ಬಲ್ಲವರೂ ಕೈಕಾಲು ಆಡಿಸಲಾರರು. ಜೀನ್ಸ್ ಪ್ಯಾಂಟು ನೀರು ಕುಡಿದು ಒಣಗುವುದೇ ಇಲ್ಲ, ಉಣ್ಣೆಯ ಕಾಲುಚೀಲ ಮತ್ತು ಬೇಗ ಒಣಗುವ ಬಟ್ಟೆ ಇರಲಿ. ಬಿಯಾಸ್ ಕಡೆ ಹೋಗುವವರಿಗೆ ಇನ್ನೊಂದು ಅಪಾಯವಿದೆ. 2014ರ ಜೂನ್ 8ರಂದು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು, ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಮಂದಿ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಅಣೆಕಟ್ಟಿನ ಕೆಳಗಿನ ನೀರಿನಲ್ಲಿ ಸೈರನ್ ಕೇಳಲಿ ಬಿಡಲಿ, ಕಲ್ಲಿನ ಮೇಲಿನ ಒದ್ದೆ ಗೆರೆ ಏರುತ್ತಿದ್ದರೆ ರಾಡ್ ಬಿಟ್ಟಾದರೂ ದಡ ಹತ್ತಿ.

ಸಂಜೆ ಕೋಣೆಗೆ ಬಂದ ಮೇಲೆ ಫ್ಲೈ ಡಬ್ಬಿಯ ಮುಚ್ಚಳವನ್ನು ತೆರೆದೇ ಇಡಿ. ಒದ್ದೆ ಕಂಬಳಿ ಉಣ್ಣೆಯನ್ನು ಮುಚ್ಚಿಟ್ಟರೆ, ಬಸ್ಸು ಮತ್ತು ರೈಲು ಪ್ರಯಾಣ ಮುಗಿಸಿ ಕಲಬುರಗಿಯಲ್ಲಿ ಡಬ್ಬಿ ತೆರೆಯುವ ಹೊತ್ತಿಗೆ ಕೊಕ್ಕೆಗಳಿಗೆಲ್ಲ ತುಕ್ಕು ಹಿಡಿದಿರುತ್ತದೆ.